ಲೊಸಾನ್‌ನ ಆ ಅಜ್ಜಿಗೆ

ಅಜ್ಜಿ, ನಿಮ್ಮ ಹೆಸರು ಕೇಳುವುದನ್ನೇ ಮರೆತೆ.

ಸ್ವಿಟ್ಜರ್‌ಲೆಂಡಿನ ಲೊಸಾನ್‌ನಲ್ಲಿ ಅವತ್ತು ರಾತ್ರಿ ಒಂಬತ್ತೂವರೆ. ಹಳೇ ಪೇಟೆಯ ಮರದ ಮಾಡಿನ ಮೆಟ್ಟಿಲ ಹತ್ತಿರ ಸುಮ್ನೆ ನಿಂತಿದ್ದೆ. ಅಂಗಡಿಗಳು ಮುಚ್ಚಿದ್ದವು. ಇನ್ನೇನು, ಹೋಗಿ ಮಲಗುವುದೇ ಅಂದುಕೊಂಡಿದ್ದೆ. ನೀವು ನಾಯಿ ಹಿಡಿದುಕೊಂಡು ಬಂದಿರಿ. "ಹತ್ತು ಗಂಟೆವರೆಗೆ ಇರಿ, ಮೇಲೆ ಬನ್ನಿ" ಎಂದಿರಿ. ಮಂಡಿ ನೋವಿದ್ದರೂ ಅಷ್ಟೂ ಮೆಟ್ಟಿಲು ನನ್ನ ಜೊತೆ ಹತ್ತಿದಿರಿ.

ಮೇಲಿದ್ದ ಕೆಥೆಡ್ರಲ್, ಅಂದರೆ ಊರಿನ ದೊಡ್ಡ ಚರ್ಚಿನ ಗಂಟೆ ಹತ್ತು ಹೊಡೆಯಿತು. ಗೋಪುರದ ಮೇಲೆ ಕಾವಲುಗಾರ ಬಂದು ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದ. ನೀವು ಮೆಲ್ಲಗೆ ಅರ್ಥ ಹೇಳಿದಿರಿ: "ಇದು ಕಾವಲು, ಹತ್ತು ಹೊಡೆಯಿತು." ನಾಲ್ಕು ದಿಕ್ಕಿಗೂ ಕೂಗಿದ. 1405ರಿಂದಲೂ ಈ ಕಾವಲು ಇದೆ. ಆಗ ಮನೆಗಳು ಮರದವು, ಬೆಂಕಿಯ ಭಯ ಜಾಸ್ತಿ. ಈಗಲೂ ರಾತ್ರಿ ಹತ್ತರಿಂದ ಎರಡರವರೆಗೆ ಗಂಟೆಗೊಮ್ಮೆ ಕೂಗುತ್ತಾರೆ. ಮೈಕಿಲ್ಲ, ಟಿಕೆಟ್ಟಿಲ್ಲ. ಎಷ್ಟು ಚೆಂದ, ಅಲ್ವಾ?

2021ರಲ್ಲಿ ಮೊದಲ ಸಲ ಒಬ್ಬ ಹೆಣ್ಣುಮಗಳು ಆ ಕೆಲಸಕ್ಕೆ ಸೇರಿದ್ದನ್ನು ಹೇಳುವಾಗ ನಿಮ್ಮ ಮುಖ ಅರಳಿತ್ತು.

ಇಳಿಯುವಾಗ ನಿಮ್ಮ ಕೈ ಹಿಡಿದುಕೊಂಡಿದ್ದೆ. ಥ್ಯಾಂಕ್ಸ್ ಹೇಳಿದೆನೋ ಇಲ್ಲವೋ, ನೆನಪಿಲ್ಲ. ಈಗ ಎಲ್ಲರ ಮುಂದೆ ಹೇಳುತ್ತಿದ್ದೇನೆ. ತುಂಬಾ ಥ್ಯಾಂಕ್ಸ್ ಅಜ್ಜಿ.