ಕಾಫಿ ಚೀಲದ ಮೇಲೆ ಬೆಳೆದ ಊರಿನ ಗುರುತಿರಲಿ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಮಾರುಕಟ್ಟೆ ಅಂಕಣದಲ್ಲಿ ಕಾಫಿಗೆ ನಾಲ್ಕು ದರಗಳು ಪ್ರಕಟವಾಗುತ್ತವೆ: ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರ್ರಿ, ರೊಬಸ್ಟಾ ಪಾರ್ಚ್‌ಮೆಂಟ್, ರೊಬಸ್ಟಾ ಚೆರ್ರಿ. (ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ ಬೀಜ ಪಾರ್ಚ್‌ಮೆಂಟ್; ಹಣ್ಣನ್ನು ಹಾಗೆಯೇ ಒಣಗಿಸಿದ್ದು ಚೆರ್ರಿ.) 50 ಕೆ.ಜಿ. ಚೀಲದ ಲೆಕ್ಕದ ಈ ದರಗಳು ಬೆಳೆಗಾರರಿಗೆ ಬೇಕೇ ಬೇಕು. ಆದರೆ ಮೈಸೂರಿನಲ್ಲಿ ಸಣ್ಣ ಪ್ರಮಾಣದಲ್ಲಿ ಕಾಫಿ ಹುರಿದು ಮಾರುವ ನನ್ನಂಥವರು ಚಿಕ್ಕಮಗಳೂರು, ಕೊಡಗು, ಬಿಳಿಗಿರಿರಂಗನ ಬೆಟ್ಟಗಳ ಉತ್ತಮ ಅರೇಬಿಕಾ ಬೀಜವನ್ನು ಸಗಟಾಗಿ ಕೊಳ್ಳಲು ಹೊರಟಾಗ, ಆ ಬೀಜ ಯಾವ ಬೆಟ್ಟದ್ದು, ಯಾವ ತಳಿಯದು, ಯಾವ ವರ್ಷದ ಕೊಯ್ಲಿನದು ಎಂಬುದನ್ನು ಚೀಲ ನೋಡಿ ತಿಳಿಯುವ ದಾರಿಯೇ ಬಹುತೇಕ ಇರುವುದಿಲ್ಲ.

ಎರಡು ವರ್ಷಗಳ ಹಿಂದೆ ಬಾಬಾಬುಡನ್‌ಗಿರಿಯದೆಂದು ಹೇಳಿ ಕೊಟ್ಟ ಎರಡು ಚೀಲ ಕೊಂಡಿದ್ದೆ. ಮೊದಲು ಕಳುಹಿಸಿದ್ದ ಮಾದರಿ ಬಹಳ ಚೆನ್ನಾಗಿತ್ತು. ಚೀಲ ಬಿಚ್ಚಿದರೆ ನೀಲಿ ಛಾಯೆಯ ಹಸಿರು ಬೀಜಗಳ ನಡುವೆ ಬಿಳಿಚಿಕೊಂಡ ಹಳೆಯ ಬೀಜಗಳೂ ಬೆರೆತಿದ್ದವು. ಎರಡೂ ಒಂದೇ ಹದದಲ್ಲಿ ಹುರಿಯಲಿಲ್ಲ; ಕಾಫಿಗೆ ಗೋಣಿಯ ವಾಸನೆ ಬಂತು. ಮಾರಿದವರನ್ನು ಕೇಳಿದಾಗ ‘ಗ್ರೇಡ್ ಸರಿಯಾಗಿಯೇ ಇದೆಯಲ್ಲ’ ಎಂದರು. ಚೀಲದ ಮೇಲೆ ‘ಪ್ಲಾಂಟೇಷನ್ ಎ’ ಎಂದಷ್ಟೇ ಇತ್ತು. ಜರಡಿಯ ಲೆಕ್ಕದಲ್ಲಿ ಅದು ನಿಜವೇ ಆಗಿತ್ತು.

ತೊಡಕು ಇರುವುದು ಇಲ್ಲಿಯೇ. ಎಎ, ಎ, ಬಿ ಎಂಬ ಗ್ರೇಡುಗಳು ಮುಖ್ಯವಾಗಿ ಕಾಳಿನ ಗಾತ್ರವನ್ನು ಹೇಳುತ್ತವೆಯೇ ಹೊರತು ರುಚಿಯನ್ನಲ್ಲ. ರುಚಿ ಬರುವುದು ತೋಟದ ಎತ್ತರದಿಂದ, ನೆರಳಿನಿಂದ, ಎಸ್. 795 ಅಥವಾ ಚಂದ್ರಗಿರಿಯಂಥ ತಳಿಯಿಂದ, ಹಣ್ಣನ್ನಷ್ಟೇ ಆರಿಸಿ ಕೊಯ್ದ ಕೈಗಳಿಂದ, ಪಲ್ಪಿಂಗ್ (ಹಣ್ಣಿನ ಸಿಪ್ಪೆ ಬಿಡಿಸುವುದು) ಆದ ಮೇಲೆ ಹುದುಗಿಸಿ, ತೊಳೆದು, ಕಣದಲ್ಲಿ ನಿಧಾನವಾಗಿ ಒಣಗಿಸಿದ ಎಚ್ಚರದಿಂದ. ವಿಶೇಷ ದರ್ಜೆಯ ಕಾಫಿಯೆಂದರೆ ರುಚಿ ಪರೀಕ್ಷೆಯಲ್ಲಿ 100ಕ್ಕೆ 80 ಅಂಕವಾದರೂ ಪಡೆಯಬೇಕೆಂಬುದು ರೂಢಿ. ಈ ಅಂಕಕ್ಕೂ ಕಾಳಿನ ಗಾತ್ರಕ್ಕೂ ನೇರ ನಂಟಿಲ್ಲ.

1990ರ ದಶಕದವರೆಗೆ ಕಾಫಿ ಮಂಡಳಿಯ ಪೂಲ್ ವ್ಯವಸ್ಥೆಯಲ್ಲಿ ಎಲ್ಲರ ಕಾಫಿಯೂ ಒಂದಾಗಿ ಮಾರಾಟವಾಗುತ್ತಿತ್ತು. ಆ ವ್ಯವಸ್ಥೆ ಹೋಗಿದೆ, ಬೆರೆಸುವ ರೂಢಿ ಉಳಿದಿದೆ. 2019ರಲ್ಲಿ ಕೊಡಗು, ಚಿಕ್ಕಮಗಳೂರು ಮತ್ತು ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಆಯಾ ಪ್ರದೇಶದ ಬೆಳೆಗಷ್ಟೇ ಆ ಹೆಸರು ಸಲ್ಲುವ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆ ದೊರೆತಾಗ ನಾವೆಲ್ಲ ಹಿಗ್ಗಿದ್ದೆವು. ಆದರೆ ಬೀಜದ ಹೊಟ್ಟು ತೆಗೆದು ಗ್ರೇಡು ಮಾಡುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ನಾಲ್ಕೈದು ಸಣ್ಣ ತೋಟಗಳ ಪಾರ್ಚ್‌ಮೆಂಟ್ ಒಂದೇ ರಾಶಿಗೆ ಬಿದ್ದ ಮೇಲೆ ಆ ಮಾನ್ಯತೆಯಿಂದ ಬೆಳೆಗಾರನಿಗಾಗಲಿ ಕೊಳ್ಳುವವನಿಗಾಗಲಿ ಏನೂ ದಕ್ಕುವುದಿಲ್ಲ.

ಆದ್ದರಿಂದ ಕ್ಯೂರಿಂಗ್ ವರ್ಕ್ಸ್‌ಗಳು ಸಣ್ಣ ಬೆಳೆಗಾರರ ಹತ್ತಿಪ್ಪತ್ತು ಚೀಲಗಳನ್ನಾದರೂ ಪ್ರತ್ಯೇಕವಾಗಿ ಹಸನು ಮಾಡಿಕೊಡಬೇಕು. ಪ್ರತಿ ಚೀಲದ ಮೇಲೆ ಪ್ರದೇಶ, ತಳಿ, ಸಂಸ್ಕರಣೆಯ ಬಗೆ, ಕೊಯ್ಲಿನ ವರ್ಷ ಮತ್ತು ತೇವಾಂಶವನ್ನು ನಮೂದಿಸುವಂತೆ ಕಾಫಿ ಮಂಡಳಿ ನೋಡಿಕೊಳ್ಳಬೇಕು. ಒಪ್ಪಿದ ಮಾದರಿಯ ಒಂದು ಪೊಟ್ಟಣಕ್ಕೆ ಮೊಹರು ಹಾಕಿ ಮಾರುವವರು, ಕೊಳ್ಳುವವರು ಇಬ್ಬರ ಬಳಿಯೂ ಇಟ್ಟುಕೊಳ್ಳುವ ಕ್ರಮ ಬಂದರೆ ಜಗಳಗಳು ಅರ್ಧಕ್ಕರ್ಧ ತಗ್ಗುತ್ತವೆ. ಆಳು ಸಿಗದ ಕೊಯ್ಲಿನ ದಿನಗಳಲ್ಲಿ ಒಂದೇ ಗಿಡಕ್ಕೆ ಮೂರು ನಾಲ್ಕು ಸಲ ಹೋಗಿ ಕೆಂಪು ಹಣ್ಣನ್ನಷ್ಟೇ ಬಿಡಿಸುವ ಬೆಳೆಗಾರನಿಗೆ ಹೆಚ್ಚು ಬೆಲೆ ಕೊಡಲು ನಾವು ಸಿದ್ಧರಿದ್ದೇವೆ. ಅವನ ಬೀಜ ಅವನದೆಂದು ನಮಗೆ ಗೊತ್ತಾಗಬೇಕು, ಅಷ್ಟೆ. ತಮ್ಮ ಪತ್ರಿಕೆಯೂ ಕೊಯ್ಲಿನ ತಿಂಗಳುಗಳಲ್ಲಿ ಭೌಗೋಳಿಕ ಸೂಚಿಕೆ ಪಡೆದ ಈ ಮೂರು ಅರೇಬಿಕಾಗಳ ದರವನ್ನು ಪ್ರತ್ಯೇಕವಾಗಿ ಪ್ರಕಟಿಸಬೇಕೆಂದು ಕೋರುತ್ತೇನೆ.

– ಕಾಫಿಪುಡಿ ವ್ಯಾಪಾರಿ, ಮೈಸೂರು