ಮಗಳಿಗೊಂದು ಪತ್ರ: ನಿನ್ ಎಡಗಾಲಿನ ಶೂ ಬಗ್ಗೆ

ಪುಟ್ಟೀ,

ಬಾಕ್ಸ್ ಬಿಚ್ಚಿದ ತಕ್ಷಣ ಹೊಸ ಶೂ ಹಾಕ್ಕೊಂಡು ಸ್ಕೇಟ್‌ಬೋರ್ಡ್ ಎತ್ಕೊಂಡು ಓಡ್ಬೇಡ, ಮೊದ್ಲು ಇದನ್ನ ಓದು. ಓದಲ್ಲ ನೀನು, ಗೊತ್ತು ನಂಗೆ. ಅದಕ್ಕೇ ಕಾಗದಾನ ಎಡಗಾಲಿನ ಶೂ ಒಳಗೇ ತುರುಕಿದೀನಿ, ಕಾಲು ತೂರಿಸಿದ್ರೆ ಚರಪರ ಅನ್ನತ್ತೆ, ಆಗಾದ್ರೂ ತೆಗೀತೀಯ.

ಹೋದ ಸಲ ಬಂದಾಗ ಬಾಗಿಲ ಹಿಂದೆ ಬಿಟ್ಟು ಹೋದ್ಯಲ್ಲ ಹಳೇ ಜೊತೆ, ಅದನ್ನ ಬಿಸಾಕೋಣ ಅಂತಲೇ ಕೈಗೆತ್ಕೊಂಡಿದ್ದು, ಆಮೇಲೆ ತಿರುಗಿಸಿ ಮುರುಗಿಸಿ ನೋಡ್ತಾ ಅರ್ಧ ದಿನ ಹೋಯ್ತು. ಇಷ್ಟು ವರ್ಷ ಹೊಲಿಗೆ ಮಷಿನ್ ಮುಂದೆ ಕೂತವಳು ನಾನು, ಬಟ್ಟೆ ಎಲ್ಲಿ ಸವೆದಿದೆ ಅಂತ ನೋಡಿದ್ರೆ ಹಾಕ್ಕೊಂಡವರು ಹೇಗೆ ಕೂರ್ತಾರೆ, ಯಾವ ಹೆಗಲಿಗೆ ಬ್ಯಾಗ್ ಹಾಕ್ತಾರೆ ಅಂತ ಹೇಳ್ಬಿಡ್ತೀನಿ. ಆದ್ರೆ ನಿನ್ ಶೂ ನೋಡಿ ತಲೆ ಕೆಟ್ಟೋಯ್ತು. ಎರಡೂ ಒಬ್ಬಳದ್ದೇ ಅಂದ್ರೆ ಯಾರೂ ನಂಬಲ್ಲ. ಎಡಗಾಲಿನದು ಅಡಿ ಚೆನ್ನಾಗಿದೆ, ಮೇಲೆ ಕಿರುಬೆರಳಿನ ಹತ್ರ ಇಲಿ ಕಡಿದ ಹಾಗೆ ತೂತು, ಲೇಸ್ ಮೂರು ಕಡೆ ಗಂಟು. ಬಲಗಾಲಿನದು ಮೇಲೆ ಅಂಗಡಿಯಿಂದ ಈಗ ತಂದ ಹಾಗಿದೆ, ತಿರುಗಿಸಿದ್ರೆ ಸೋಲ್ ನುಣ್ಣಗೆ, ಡಿಸೈನೇ ಇಲ್ಲ.

ಆಮೇಲೆ ನೀನು ಕಳಿಸಿದ ವಿಡಿಯೋನ ಸ್ಲೋ ಮಾಡ್ಕೊಂಡು ಹತ್ತು ಸಲ ನೋಡ್ದೆ. ಆಗ ಗೊತ್ತಾಯ್ತು. ನೀನು ಎಡಗಾಲು ಮುಂದಿಟ್ಟು ನಿಲ್ತೀಯ, ಬಲಗಾಲಲ್ಲಿ ನೆಲ ಒದ್ದು ತಳ್ಕೋತೀಯ, ನಿಲ್ಸೋದೂ ಅದೇ ಕಾಲನ್ನ ನೆಲಕ್ಕೆ ಉಜ್ಜಿ. ಹಂಗಾಗಿ ಬಲಗಾಲಿನ ಶೂನ ರಸ್ತೆ ತಿನ್ನತ್ತೆ, ಎಡಗಾಲಿನದನ್ನ ಬೋರ್ಡೇ ತಿನ್ನತ್ತೆ. ಬೋರ್ಡ್ ಮೇಲೆ ಕಪ್ಪಗೆ ಅಂಟಿಸಿರ್ತಾರಲ್ಲ ಗ್ರಿಪ್ ಟೇಪ್, ಅದು ಉಪ್ಪು ಕಾಗದದ ಅಣ್ಣ ಕಣೇ. ಅದರ ಮೇಲಿರೋ ಪುಡಿ ಸಾಮಾನ್ಯವಾಗಿ ಸಿಲಿಕಾನ್ ಕಾರ್ಬೈಡ್, ಕಲ್ಲು ಲೋಹ ಎಲ್ಲಾ ಉಜ್ಜೋಕೆ ಬಳಸೋ ವಸ್ತು, ಗಡಸುತನದಲ್ಲಿ ವಜ್ರಕ್ಕೆ 10 ಅಂಕ ಕೊಟ್ರೆ ಇದಕ್ಕೆ 9ಕ್ಕಿಂತ ಮೇಲೆ. ಓಲಿ, ಅಂದ್ರೆ ಕೈ ಹಚ್ದೆ ಬೋರ್ಡ್ ಸಮೇತ ಮೇಲೆ ಹಾರೋದು, ಅದನ್ನ ಮಾಡೋವಾಗ ಹಿಂದಿನ ಕಾಲಲ್ಲಿ ಬೋರ್ಡಿನ ಹಿಂದಿನ ತುದಿನ ಪಟ್ ಅಂತ ನೆಲಕ್ಕೆ ಹೊಡೀತೀಯ, ಬೋರ್ಡ್ ಎದ್ದು ನಿಲ್ಲತ್ತೆ, ಆಗ ಮುಂದಿನ ಪಾದಾನ ಪಕ್ಕಕ್ಕೆ ವಾಲಿಸಿ ಅದರ ಹೊರ ಅಂಚನ್ನ ಆ ಉಪ್ಪು ಕಾಗದದ ಮೇಲೇ ಮುಂದಿನ ತುದಿ ಕಡೆಗೆ ಎಳೀತೀಯ, ಆ ಉಜ್ಜಾಟಕ್ಕೇ ಬೋರ್ಡ್ ಕಾಲಿಗಂಟ್ಕೊಂಡ ಹಾಗೆ ಮೇಲೆ ಬಂದು ಮಟ್ಟ ಆಗೋದು. ನಾನು ಇಷ್ಟು ದಿನ ಕಾಲು ಎಳೀಬೇಡ್ವೇ, ಶೂ ಹಾಳಾಗತ್ತೆ ಅಂತ ಬೈತಿದ್ನಲ್ಲ, ಎಳೀದಿದ್ರೆ ಓಲಿನೇ ಇಲ್ಲ! ಅದನ್ನ ವಾಪಸ್ ತಗೋತೀನಿ. ಒಂದು ಶೂ ಮಾತ್ರ ಬೇಗ ಹೋಗೋದು ನಿನ್ನೊಬ್ಬಳ ಕಥೆನೂ ಅಲ್ಲ, 1966ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ವ್ಯಾನ್ಸ್ ಅನ್ನೋ ಶೂ ಕಂಪನಿಯವರು ಮುಂದೆ ಸ್ಕೇಟ್ ಮಾಡೋ ಮಕ್ಕಳು ಬಂದು ಕೇಳಿದ್ರೆ ಜೊತೆ ಅಲ್ಲದೆ ಒಂಟಿ ಶೂನೂ ಮಾರ್ತಿದ್ರಂತೆ. ಎಷ್ಟು ಬುದ್ಧಿವಂತಿಕೆ ನೋಡು, ಈಗ ಯಾರಾದ್ರೂ ಹಂಗೆ ಕೊಟ್ರೆ ನಾನು ಬರೀ ಎಡಗಾಲಿನದೇ ನಾಲ್ಕು ತಗೋತಿದ್ದೆ.

ಸರಿ, ಸವೆಯೋದಂತೂ ಸವೆಯತ್ತೆ. ಆದ್ರೆ ತೂತಾದ ಜಾಗಾನ ಭೂತಗನ್ನಡಿ ಇಟ್ಕೊಂಡು ನೋಡ್ದಾಗ ನಂಗೆ ಕಂಡಿದ್ದೇ ಬೇರೆ. ಚರ್ಮ ಸವೆದು ತೂತಾಗಿಲ್ಲ ಪುಟ್ಟಿ. ಮೊದ್ಲು ಹೋಗಿರೋದು ಹೊಲಿಗೆ. ಶೂ ಮೇಲೆ ಎರಡು ತುಂಡು ಸೇರೋ ಕಡೆ ದಾರ ಸ್ವಲ್ಪ ಉಬ್ಬಿಕೊಂಡಿರತ್ತಲ್ಲ, ಗ್ರಿಪ್‌ಗೆ ಮೊದ್ಲು ಸಿಗೋದೇ ಅದು. ಮಷಿನ್ ಹೊಲಿಗೆಲಿ ಮೇಲಿನ ದಾರ ಕೆಳಗಿನ ದಾರ ಒಂದನ್ನೊಂದು ಹಿಡ್ಕೊಂಡು ಹೋಗ್ತಿರತ್ತೆ, ಮೇಲಿನದು ಒಂದೆರಡು ಕಡೆ ಕಟ್ ಆದ್ರೆ ಕೆಳಗಿನದಕ್ಕೆ ಹಿಡಿಯೋಕೆ ಏನೂ ಇರಲ್ಲ, ಅಕ್ಕಪಕ್ಕದ ಹೊಲಿಗೆ ಸಡಿಲ ಆಗ್ತಾ ಹೋಗತ್ತೆ, ತುಂಡಿನ ಅಂಚು ನಾಲಿಗೆ ಚಾಚಿದ ಹಾಗೆ ಏಳತ್ತೆ, ಆ ಎದ್ದ ಅಂಚು ಪ್ರತಿ ಓಲಿಗೂ ಗ್ರಿಪ್‌ಗೆ ಸಿಕ್ಕಿ ಹರೀತಾ ಹೋಗತ್ತೆ. ಚರ್ಮ ಇನ್ನೂ ತಿಂಗಳುಗಟ್ಟಲೆ ಬಾಳ್ತಿತ್ತು, ಮೂರಿಂಚು ದಾರ ಕೈಕೊಡ್ತು ಅಷ್ಟೆ.

ದಾರ ಅಂದ ಮೇಲೆ ನನ್ ಕೆಲಸ ಅಲ್ವಾ, ಜಂಬ ಬಂತು. ದಪ್ಪ ಸೂಜಿ ತಗೊಂಡು ಅದೇ ಜಾಗದಲ್ಲಿ ಒತ್ತೊತ್ತಾಗಿ ಜೋಡಿ ಹೊಲಿಗೆ ಹಾಕ್ದೆ, ಎಷ್ಟು ಚೆಂದ ಬಂತು ಅಂದ್ರೆ ಫೋಟೋ ತೆಗ್ದಿಟ್ಕೊಂಡೆ. ನಿನ್ ಹಳೇ ಬೋರ್ಡಿನ ಹಲಗೇನ ಮಡಿಲಲ್ಲಿಟ್ಕೊಂಡು ಶೂ ಒಳಗೆ ಕೈ ಹಾಕಿ ಓಲಿ ಥರ ಎಳ್ದು ನೋಡ್ದೆ, ಇಪ್ಪತ್ತು ಸಲ ಎಳೆಯೋದ್ರೊಳಗೆ ನನ್ ಹೊಲಿಗೆ ಜೂಲು ಜೂಲು. ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಅಂತಾರಲ್ಲ, ಅದೇ. ಹೊರಗಡೆ ಕಾಣೋ ದಾರ ಎಷ್ಟು ಗಟ್ಟಿ ಇದ್ರೂ ಗ್ರಿಪ್‌ಗೆ ಅದು ತಿಂಡಿ. ಆಮೇಲೆ ಮನೇಲಿದ್ದ ಫೆವಿಕ್ವಿಕ್ ಬಳ್ದೆ, ಅದು ಒಣಗಿ ಗಾಜಿನ ಹಾಗೆ ಗಟ್ಟಿಯಾಯ್ತು, ಶೂ ಮಡಚೋ ಜಾಗದಲ್ಲಿ ಬಗ್ಗಿಸಿದ್ರೆ ಚಟ್ ಅಂತ ಬಿರುಕು. ಆ ಥರ ಗಮ್ ಬೆಂಡಾಗದ ಜಾಗದಲ್ಲಿ ಬರೀ ದಾರದ ಮೇಲೆ ಒಂದು ಹನಿ ಇಡೋಕೆ ಸರಿ, ಅದಕ್ಕಿಂತ ಹೆಚ್ಚಿಗೆ ಬೇಡ.

ಬೇಕಿರೋದು ಒಣಗಿದ ಮೇಲೂ ರಬ್ಬರ್ ಹಾಗೆ ಬಗ್ಗೋ ಗಮ್. ಶೂ ಗೂ ಅಂತ ಸಿಗತ್ತಲ್ಲ, ಸ್ಕೇಟರ್‌ಗಳೆಲ್ಲ ಬಳಸ್ತಾರೆ ಅಂತ ನೀನೇ ಒಂದ್ಸಲ ಹೇಳಿದ್ದೆ, ಅದೇ ಜಾತಿದು. ಅದನ್ನ ಹರಿದ ಮೇಲೆ ಹಚ್ಚೋದಲ್ಲ, ಹೊಸದಾಗಿರೋವಾಗ್ಲೇ ಹೊಲಿಗೆ ಮೇಲೆ ತೆಳ್ಳಗೆ ಒಂದು ಪದರ ಎಳೀಬೇಕು, ಆಗ ಗ್ರಿಪ್ ಮೊದ್ಲು ಗಮ್ ತಿನ್ನತ್ತೆ, ಅದು ಮುಗಿದ ಮೇಲೆ ತಾನೇ ದಾರ? ಗಮ್ ಸವೆದಿದ್ದು ಕಂಡ್ರೆ ಮತ್ತೆ ಒಂದು ಪದರ. ನೀವೆಲ್ಲ ಮಾಡೋದು ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕೋ ಕೆಲಸ, ಬೆರಳು ಹೊರಗೆ ಇಣುಕಿದ ಮೇಲೆ ಟ್ಯೂಬ್ ಹುಡುಕ್ತೀರ.

ಈ ಹೊಸ ಜೊತೆಗೆ ನಾನೇ ಹಚ್ಚಿ ಮೂರು ದಿನ ಕಿಟಕಿ ಹತ್ರ ಒಣಗಿಸಿ ಕಳಿಸಿದೀನಿ, ಮುಟ್ಟಿ ನೋಡು, ಹೊಲಿಗೆ ಮೇಲೆ ಮಾತ್ರ ಸ್ವಲ್ಪ ಹೊಳಪಿದೆ. ಮುಂದಿನ ಸಲ ನೀನೇ ಮಾಡ್ಕೋಬೇಕು. ಮೊದ್ಲು ಧೂಳು ಒರೆಸು, ಹಳೇ ಬ್ರಷ್‌ನಲ್ಲಿ ಉಜ್ಜು, ಆ ಜಾಗಾನ ಸಣ್ಣ ಉಪ್ಪು ಕಾಗದದಲ್ಲಿ ಹಗೂರಕ್ಕೆ ಒರಟು ಮಾಡು, ನುಣ್ಣಗಿದ್ರೆ ಗಮ್ ಹಿಡಿಯಲ್ಲ ಸಿಪ್ಪೆ ಹಾಗೆ ಎದ್ದು ಬರತ್ತೆ. ಸುತ್ತ ಪೇಪರ್ ಟೇಪ್ ಅಂಟಿಸ್ಕೋ, ಇಲ್ಲಾಂದ್ರೆ ಶೂ ತುಂಬಾ ಗಮ್ಮೇ. ಗ್ಲೌಸ್ ಹಾಕಿ ಬೆರಳು ಒದ್ದೆ ಮಾಡ್ಕೊಂಡು ಸವರಿದ್ರೆ ಬೆರಳಿಗೆ ಮೆತ್ಕೊಳಲ್ಲ, ನೈಸಾಗಿ ಹರಡತ್ತೆ. ದಪ್ಪಗೆ ಮೆತ್ತಬೇಡ, ತೆಳ್ಳಗೆ ಎರಡು ಸಲ ಹಚ್ಚು. ಒಂದು ದಿನಕ್ಕೆ ಕೈಗೆ ಅಂಟಲ್ಲ ಅಂತ ಹಾಕ್ಕೊಂಡು ಹೊರಡಬೇಡ, ಒಳಗೆ ಪೂರ್ತಿ ಗಟ್ಟಿಯಾಗೋಕೆ ಎರಡ್ಮೂರು ದಿನ ಬೇಕು. ಇನ್ನೊಂದು, ಮರೀಬೇಡ, ಕಿಟಕಿ ಬಾಗಿಲು ತೆಗೆದಿಟ್ಟು ಮಾಡು, ರೂಮ್ ಮುಚ್ಕೊಂಡು ಮಾಡಿದ್ರೆ ಆ ವಾಸನೆಗೆ ತಲೆ ಸುತ್ತತ್ತೆ, ನಂಗೆ ಸುತ್ತಿತ್ತು.

ತೂತೇ ಆಗಿಬಿಟ್ರೆ ಬರೀ ಗಮ್ ತುಂಬಬೇಡ. ಒಳಗಡೆಯಿಂದ ಡಕ್ಟ್ ಟೇಪ್ ಅಂಟಿಸಿ ತೂತು ಮುಚ್ಚು, ಹೊರಗಿಂದ ಗಮ್ ಹಚ್ಚಿ ಸ್ವೇಡ್, ಅಂದ್ರೆ ನವಿರಾದ ಜುಂಗಿರೋ ಚರ್ಮದ ತುಂಡು ಕೂರಿಸು. ತೇಪೆ ತೂತಿಗಿಂತ ಸುತ್ತಲೂ ಒಂದು ಬೆರಳಷ್ಟು ದೊಡ್ಡದಿರ್ಬೇಕು, ಮೂಲೆಗಳನ್ನ ದುಂಡಗೆ ಕತ್ತರಿಸು, ಚೂಪು ಮೂಲೆ ಇದ್ರೆ ಅಲ್ಲಿಂದಲೇ ಏಳತ್ತೆ. ಬಟ್ಟೆಗೂ ಅದೇ ಲೆಕ್ಕ.

ಲೇಸ್ ವಿಷಯ. ಹರಿಯೋದು ಯಾವಾಗ್ಲೂ ಕೆಳಗಿನ ಎರಡ್ಮೂರು ತೂತಿನ ಹತ್ರ, ಹೊರ ಬದಿಗೆ. ವಾರಕ್ಕೊಂದ್ಸಲ ಎಡ ಬಲ ಲೇಸ್ ಅದಲು ಬದಲು ಮಾಡು, ಇಲ್ಲಾ ಒಂದೇ ಲೇಸ್‌ನ ಒಂದು ಕಡೆ ಸ್ವಲ್ಪ ಉದ್ದ ಬಿಟ್ಟು ಎಳ್ಕೋ, ಸವೆಯೋ ಜಾಗ ಬದಲಾಗತ್ತೆ. ಮೇಣದ ಬತ್ತಿ ಉಜ್ಜಿದ್ರೂ ಸ್ವಲ್ಪ ಜಾರತ್ತೆ. ಲೇಸ್ ಮೇಲೂ ಗಮ್ ಬಳೀತಾರಂತೆ ಕೆಲವ್ರು, ಆಮೇಲೆ ಬಿಚ್ಚೋದು ಹೇಗೋ ದೇವರಿಗೇ ಗೊತ್ತು.

ಈಗ ನಂಗೆ ಸಿಟ್ಟು ಬಂದಿರೋ ವಿಷಯ. ಹೊಸ ಶೂನ ಬಣ್ಣ ನೋಡಿ ಆರಿಸಿದೀಯ ಅಲ್ವಾ? ಸರಿಯಾಗಿ ಕಿರುಬೆರಳಿನ ಮೇಲೇ ಅಡ್ಡಡ್ಡ ಒಂದು ಹೊಲಿಗೆ ಹೋಗಿದೆ, ಅದೂ ಒಂಟಿ. ಮುಂದಿನ ಸಲ ಅಂಗಡೀಲಿ ಬಣ್ಣ ಆಮೇಲೆ ನೋಡು, ಮುಂದಿನ ಭಾಗ ಒಂದೇ ತುಂಡಿನದಾ ನೋಡು, ಹೊಲಿಗೆ ಇರ್ಲೇಬೇಕು ಅಂದ್ರೆ ಎರಡು ಮೂರು ಸಾಲಿದ್ಯಾ ನೋಡು. ಕ್ಯಾನ್ವಾಸ್ ಬೇಡ, ನೇಯ್ದ ಬಟ್ಟೆ ಅದು, ಒಂದು ಎಳೆ ಹೋದ್ರೆ ಪಕ್ಕದ್ದೂ ಹಿಂದೆ ಹೋಗತ್ತೆ. ಸ್ವೇಡ್‌ಲ್ಲಿ ಎಳೆ ಅಂತ ಸಾಲಾಗಿ ಇರಲ್ಲ, ಚರ್ಮದ ಒಳಪದರದ ನಾರೆಲ್ಲ ಹೆಣ್ಕೊಂಡಿರತ್ತೆ, ಉಜ್ಜಿದ್ರೆ ಪುಡಿ ಉದುರತ್ತೆ ಹೊರತು ಬೇಗ ಬಿಚ್ಕೊಳಲ್ಲ. ಮೂತಿಗೆ ಒಳಗಿಂದ ರಬ್ಬರ್ ಪದರ ಕೊಟ್ಟಿದ್ರಂತೂ ಕಣ್ಮುಚ್ಚಿ ತಗೋ.

ಸೋಲ್‌ಲ್ಲಿ ಎರಡು ಥರ. ವಲ್ಕನೈಸ್ಡ್ ಅಂದ್ರೆ ಸೋಲ್ ಅಂಟಿಸಿ ಸುತ್ತ ರಬ್ಬರ್ ಪಟ್ಟಿ ಸುತ್ತಿ ಜೋರು ಶಾಖದಲ್ಲಿಟ್ಟು ಬೇಯಿಸಿರೋದು, ರಬ್ಬರ್‌ಗೆ ಗಂಧಕ ಸೇರಿಸಿ ಕಾಯಿಸಿದ್ರೆ ಗಟ್ಟಿಯಾಗತ್ತೆ ಅಂತ 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಕಂಡುಹಿಡಿದಿದ್ದು ಅದೇ ವಿದ್ಯೆ. ತೆಳ್ಳಗಿರತ್ತೆ, ಕಾಲಿಗೆ ಬೋರ್ಡ್ ಚೆನ್ನಾಗಿ ಗೊತ್ತಾಗತ್ತೆ, ಆದ್ರೆ ಬೇಗ ಸವೆಯತ್ತೆ. ಕಪ್ ಸೋಲ್ ಅಂದ್ರೆ ಬಟ್ಟಲಿನ ಹಾಗೆ ಅಚ್ಚು ಹಾಕಿರೋ ಸೋಲ್ ಒಳಗೆ ಶೂ ಕೂರಿಸಿ ಸುತ್ತ ಹೊಲ್ದಿರೋದು, ದಪ್ಪ, ಹಿಮ್ಮಡಿಗೆ ಒಳ್ಳೇದು. ಮೆಟ್ಟಿಲಿಂದ ಹಾರೋ ಹುಚ್ಚು ಬಂದಿದ್ಯಲ್ಲ ಈಗ, ನನ್ ಓಟು ಕಪ್ ಸೋಲ್‌ಗೆ. ಮೊದಲ ವಾರ ಬಿಗಿ ಬಿಗಿ ಅನ್ಸತ್ತೆ ಅಂತ ಗೊಣಗ್ತೀಯ, ಗೊಣಗು.

ಬಲಗಾಲಿಗೆ ಗಮ್ ಏನೂ ಪ್ರಯೋಜನ ಇಲ್ಲ, ಅಲ್ಲಿ ಅಭ್ಯಾಸಾನೇ ಬದಲಾಗ್ಬೇಕು. ಪ್ರತಿ ಸಲ ಕಾಲು ಉಜ್ಜಿ ನಿಲ್ಸೋ ಬದ್ಲು ನಿಧಾನ ಇದ್ದಾಗ ಇಳಿದು ನಡಿ. ಮತ್ತೆ ದಯವಿಟ್ಟು ಕ್ಲಾಸಿಗೆ, ಅಂಗಡಿಗೆ, ಊರು ಸುತ್ತೋಕೆ ಎಲ್ಲಾ ಇದೇ ಶೂ ಹಾಕ್ಕೊಂಡು ಹೋಗ್ಬೇಡ, ಬೋರ್ಡ್ ಇದ್ದಾಗ ಮಾತ್ರ ಇದು. ಒದ್ದೆ ಆದ್ರೆ ಒಳಗಿನ ಇನ್‌ಸೋಲ್ ತೆಗ್ದು ಪೇಪರ್ ತುಂಬಿ ನೆರಳಲ್ಲಿ ಇಡು. ವಾಷಿಂಗ್ ಮಷಿನ್‌ಗೆ ಹಾಕೋದು, ಬಿಸಿನೀರಲ್ಲಿ ನೆನೆಸೋದು, ಸುಡು ಬಿಸಿಲಲ್ಲಿ ಒಣಗಿಸೋದು ಮೂರೂ ಬೇಡ, ಅಂಟು ಬಿಡತ್ತೆ, ಸ್ವೇಡ್ ಹಪ್ಪಳ ಆಗತ್ತೆ. ಹೊಸ ಗ್ರಿಪ್ ಅಂಟಿಸಿದ ದಿನ ಅದರದ್ದೇ ಕತ್ತರಿಸಿ ಉಳಿದ ಚೂರಿಂದ ನೀನು ಕಾಲೆಳೆಯೋ ಜಾಗಾನ ಒಂದೆರಡು ಸಲ ಉಜ್ಜಿದ್ರೆ ಅದರ ಮೊದಲ ಚೂಪು ಮುರಿಯತ್ತಂತೆ. ಜಾಸ್ತಿ ಉಜ್ಜಿ ಕಾಲು ಜಾರಿಸ್ಕೋಬೇಡ ಮತ್ತೆ.

ಇಷ್ಟೆಲ್ಲಾ ಹೇಳ್ದೆ ಅಂತ ಶೂನ ಪ್ರಾಣ ಹೋಗೋವರೆಗೂ ಎಳೆದಾಡ್ಬೇಡ. ಮೇಲೆ ತೂತಾದ್ರೆ ಗಮ್ ಇದೆ, ತೇಪೆ ಇದೆ. ಆದ್ರೆ ಹಿಮ್ಮಡಿ ಕೆಳಗೆ ಹೆಬ್ಬೆರಳಲ್ಲಿ ಒತ್ತಿದ್ರೆ ಹಲಗೆ ಒತ್ತಿದ ಹಾಗಿದೆ, ಇಳಿದಾಗ ನೋವು ಕಣಕಾಲಿಗೆ ಬರ್ತಿದೆ ಅಂದ್ರೆ ಹೊಸ ಇನ್‌ಸೋಲ್ ಹಾಕು, ಸೋಲೇ ಸೀಳಿದ್ರೆ ಅವತ್ತೇ ಫೋನ್ ಮಾಡು, ದುಡ್ಡಿನ ಮುಖ ನೋಡ್ಬೇಡ. ಹೋದ ಸಲ ಕುಂಟ್ತಾ ಬಂದು ಏನಿಲ್ಲಮ್ಮ ಅಂದ್ಯಲ್ಲ, ಆ ಬಲಗಾಲಿನ ಸೋಲ್ ನೋಡಿದ ಮೇಲೆ ನಂಗೆ ಏನು ಅಂತ ಗೊತ್ತಾಯ್ತು.

ಅದಕ್ಕೇ ಆ ಹಳೇ ಬಲಗಾಲಿನದನ್ನ ವಾಪಸ್ ಕಳಿಸ್ತಿಲ್ಲ. ಮೇಲ್ಭಾಗ ಹೊಸದರ ಹಾಗಿತ್ತು ಅಂದ್ನಲ್ಲ, ನನ್ ದೊಡ್ಡ ಕತ್ತರಿ ತಗೊಂಡು ಆ ಸ್ವೇಡನ್ನ ಏಳು ತೇಪೆ ಮಾಡಿದೀನಿ, ಎಲ್ಲಾ ಮೂಲೆನೂ ದುಂಡಗೆ, ಎಡಗಾಲಿನ ಕಿರುಬೆರಳಿನ ಅಳತೆಗೆ. ಬಾಕ್ಸ್ ತಳದಲ್ಲಿ ಕವರ್‌ಲ್ಲಿದೆ, ಜೊತೆಗೆ ಟ್ಯೂಬ್, ಮೂರು ಜೊತೆ ಲೇಸ್. ಹಳೇ ಎಡಗಾಲಿನದು ಮಾತ್ರ ಬಾಗಿಲ ಹಿಂದೆನೇ ಇದೆ, ಅದರ ಮೇಲೆ ನನ್ ಹೊಲಿಗೆ ಇನ್ನೊಂದ್ಸಲ ಟ್ರೈ ಮಾಡ್ತಿದೀನಿ, ಈ ಸಲ ಒಳಗಡೆಯಿಂದ.

ಅಮ್ಮ