ಸ್ಕ್ಯಾನಿಂಗ್‌ಗೆ ಮೊದಲು ರೋಗಿಯನ್ನು ಕೇಳಲಿ

ಮಾನ್ಯರೇ,

ಮಂಡ್ಯ ಜಿಲ್ಲೆಯಲ್ಲಿ ಕಬ್ಬು ಕಡಿಯುವವರು, ನಾಟಿ ಹಾಕುವ ಹೆಣ್ಣಾಳುಗಳು, ಆಲೆಮನೆಗಳಲ್ಲಿ ದುಡಿಯುವವರು ವರ್ಷಗಟ್ಟಲೆ ಸೊಂಟನೋವನ್ನು ಸಹಿಸಿಕೊಂಡು, ಕಡೆಗೆ ಸಾಲ ಮಾಡಿ ಎಂಆರ್‌ಐ ಮಾಡಿಸುತ್ತಾರೆ. ವರದಿಯಲ್ಲಿ ‘ಡಿಸ್ಕ್ (ಬೆನ್ನುಮೂಳೆಯ ಎಲುಬುಗಳ ನಡುವಿನ ಮೆತ್ತೆ) ಉಬ್ಬಿದೆ’ ಎಂದು ಕಂಡದ್ದೇ ತಡ, ನೋವಿಗೆ ಅದೇ ಕಾರಣವೆಂದು ತೀರ್ಮಾನವಾಗಿಬಿಡುತ್ತದೆ. ನಮ್ಮ ನೆರೆಯ ರೈತರೊಬ್ಬರು ಆ ಫಿಲ್ಮುಗಳನ್ನು ಗೊಬ್ಬರದ ಚೀಲದಲ್ಲಿ ಸುತ್ತಿ ಅಟ್ಟದ ಮೇಲೆ ಜೋಪಾನ ಮಾಡಿದ್ದಾರೆ. ಬೆಳಿಗ್ಗೆ ಎದ್ದಾಗ ಸೊಂಟ ಎಷ್ಟು ಹೊತ್ತು ಹಿಡಿದುಕೊಂಡಿರುತ್ತದೆ ಎಂದು ಮಾತ್ರ ಅವರನ್ನು ಇದುವರೆಗೆ ಯಾರೂ ಕೇಳಿಲ್ಲ.

1994ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಬೆನ್ನುನೋವೇ ಇಲ್ಲದ 98 ಜನರನ್ನು ಎಂಆರ್‌ಐಗೆ ಒಳಪಡಿಸಿದಾಗ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಡಿಸ್ಕ್ ಉಬ್ಬಿರುವುದು ಕಂಡುಬಂದಿತ್ತು. ಮೂರು ತಿಂಗಳಿಗೂ ಮೀರಿ ಕಾಡುವ ನೋವು ಡಿಸ್ಕಿನಿಂದ ಬರಬಹುದು, ಬೆನ್ನುಮೂಳೆಯ ಹಿಂಬದಿಯ ಸಣ್ಣ ಕೀಲುಗಳಿಂದ ಬರಬಹುದು, ಬೆನ್ನುಮೂಳೆಯ ಬುಡವು ಸೊಂಟದ ಎಲುಬಿಗೆ ಸೇರುವ ಕೀಲಿನಿಂದಲೂ ಬರಬಹುದು. ಮೂರೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ನೋಯುತ್ತವೆ. ಹಿಂಬದಿಯ ಕೀಲಿನ ಮೇಲೆ ಗುಮಾನಿ ಇದ್ದರೆ, ಎಕ್ಸ್-ರೇ ನೋಡಿಕೊಂಡು ಆ ಕೀಲಿನ ನರದ ಬಳಿ ಮರಗಟ್ಟಿಸುವ ಔಷಧವನ್ನು ಚುಚ್ಚಿ ನೋವು ಇಳಿಯುತ್ತದೆಯೇ ಎಂದು ಪರೀಕ್ಷಿಸುವ ವಿಧಾನವಿದೆ. ಒಂದೇ ಚುಚ್ಚುಮದ್ದು ದಾರಿ ತಪ್ಪಿಸಬಹುದಾದ್ದರಿಂದ ಎಚ್ಚರಿಕೆಯುಳ್ಳ ವೈದ್ಯರು ಇನ್ನೊಂದು ದಿನ ಮತ್ತೆ ಪರೀಕ್ಷಿಸುತ್ತಾರೆ. ಇದು ಎಲ್ಲರಿಗೂ ಬೇಕಿಲ್ಲ. ಬಹುಪಾಲು ರೋಗಿಗಳಲ್ಲಿ ಇಂಥದ್ದೇ ಕಾರಣವೆಂದು ಬೊಟ್ಟುಮಾಡಲಾಗದು, ಅಂಥವರಿಗೆ ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿ ವ್ಯಾಯಾಮ ಮತ್ತು ತಿಳಿವಳಿಕೆಯನ್ನು ಶಿಫಾರಸು ಮಾಡುತ್ತದೆಯೇ ಹೊರತು ಸೊಂಟದ ಬೆಲ್ಟು, ಬೆನ್ನನ್ನು ಎಳೆದು ಹಿಡಿಯುವ ಟ್ರ್ಯಾಕ್ಷನ್‌ಗಳನ್ನಲ್ಲ.

ಆದರೆ ಕೆಲವು ಕಾರಣಗಳು ಕೇಳದೇ ಹೋದರೆ ತಪ್ಪಿಹೋಗುತ್ತವೆ. ಹರೆಯದಲ್ಲೇ ಶುರುವಾಗಿ, ಬೆಳಿಗ್ಗೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಬಿಗಿದು, ಮಲಗಿದರೆ ಹೆಚ್ಚಾಗಿ ಓಡಾಡಿದರೆ ಸಡಿಲವಾಗುವ ನೋವು ಉರಿಯೂತದ ಸಂಧಿವಾತದ್ದಾಗಿರಬಹುದು. ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಜೊತೆಗಿದ್ದರೆ ಬೆನ್ನುಮೂಳೆಯ ಕ್ಷಯವನ್ನು ನೆನೆಯಬೇಕು. ದನ ಕಟ್ಟಿ ಡೇರಿಗೆ ಹಾಲು ಹಾಕುವ ನಮ್ಮ ಊರುಗಳಲ್ಲಿ ಬ್ರುಸೆಲ್ಲಾ ಸೋಂಕನ್ನೂ ಮರೆಯಬಾರದು: ಹಸಿ ಹಾಲು ಕುಡಿದವರಿಗೆ, ಕಂದು ಹಾಕಿದ ಹಸುವಿನ ಮಾಸನ್ನು ಬರಿಗೈಯಲ್ಲಿ ತೆಗೆದವರಿಗೆ ಅದು ತಗುಲಿ ಬೆನ್ನುಮೂಳೆಗೂ ಇಳಿಯಬಹುದು. ಇನ್ನು ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದಿ ಮರಗಟ್ಟಿದರೆ, ಅದೇ ದಿನ ದೊಡ್ಡಾಸ್ಪತ್ರೆಗೆ ಹೋಗಬೇಕು.

ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ ಹಾಗೂ ತಾಲ್ಲೂಕು ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ಈ ಪ್ರಶ್ನೆಗಳಿರುವ ಒಂದು ಪುಟದ ಕನ್ನಡ ನಮೂನೆಯನ್ನು, ರೋಗಿ ವೈದ್ಯರ ಮುಂದೆ ಕೂರುವ ಮೊದಲೇ ಶುಶ್ರೂಷಕಿಯರು ಕೇಳಿ ತುಂಬಿಸುವ ವ್ಯವಸ್ಥೆಯನ್ನು ಆರೋಗ್ಯ ಇಲಾಖೆ ಮಾಡಬೇಕೆಂದು ಕೋರುತ್ತೇನೆ.

– ನಿವೃತ್ತ ಶಿಕ್ಷಕಿ, ಮಂಡ್ಯ